ಅಗ್ಗದ ಗ್ರಾಫಿಕ್ಸ್ ಕಾರ್ಡಿನ ಹಾದಿ: ಎಸ್‌.ಪಿ. ರಸ್ತೆಯಿಂದ ಮುಳಗುಂದದವರೆಗೆ

ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಯ ಮೇಲೆ ಮೂಡಬೇಕಾದ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಲೆಕ್ಕಹಾಕಿ ಮಾನಿಟರಿಗೆ ಕಳಿಸುವ ಬೋರ್ಡು. ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುವ ಇದಕ್ಕೆ ಬೇರೆಯೇ ಚಿಪ್, ಬೇರೆಯೇ ಮೆಮೊರಿ ಇರುತ್ತದೆ. ಆಟಕ್ಕೆಂದು ಪಿಸಿ ಕಟ್ಟಿಸುವವರ ಖರ್ಚಿನಲ್ಲಿ ದೊಡ್ಡ ಪಾಲು ಇದರದ್ದೇ. ಹಾಗಾಗಿ ಕೈಯಲ್ಲಿ ಕಾಸು ಕಡಿಮೆಯಿದ್ದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಕರ್ನಾಟಕದಲ್ಲಿ ಅಗ್ಗದ ಕಾರ್ಡಿನ ವ್ಯಾಪಾರ ಬೆಳೆದದ್ದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಲ್ಲರೂ ಕರೆಯುವ ಎಸ್‌.ಪಿ. ರಸ್ತೆಯಲ್ಲಿ. ಅಲ್ಲಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ರೈಲಿನಲ್ಲಿ 58 ಕಿ.ಮೀ. ದೂರದ ಗದಗಕ್ಕೆ, ಗದಗದಿಂದ ಲಕ್ಷ್ಮೇಶ್ವರದ ದಾರಿಯಲ್ಲಿರುವ ಮುಳಗುಂದಕ್ಕೆ ಕಾರ್ಡು ಸಾಗಬೇಕು. ಹಾದಿ ಉದ್ದವಾದಷ್ಟೂ ಆಯ್ಕೆ ಕಡಿಮೆಯಾಗುತ್ತದೆ, ಕಾರ್ಡು ಹೊಂದದಿದ್ದರೆ ತಿರುಗಿ ಕೊಡುವ ಓಡಾಟ ಹೆಚ್ಚುತ್ತದೆ. ಇಂಥ ಊರುಗಳಲ್ಲಿ ಕಾರ್ಡು ಆರಿಸುವವರು ಚಿಪ್ಪಿನ ವೇಗಕ್ಕಿಂತ ಮೊದಲು, ಮನೆಯಲ್ಲಿ ಈಗಾಗಲೇ ಇರುವ ಮದರ್‌ಬೋರ್ಡು, ಪಿಸಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ಕರೆಂಟು ಇವಕ್ಕೆ ಯಾವುದು ಒಗ್ಗುತ್ತದೆ ಎಂದು ನೋಡಬೇಕಾಗಿ ಬಂದದ್ದು ಈ ಕಾರಣಕ್ಕೆ.

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂದಾಗ ಅದರ ಜೊತೆ ಎರಡು ಬಗೆಯ ಕಾರ್ಡು ಸಿಗುತ್ತಿದ್ದವು. ಎಂಡಿಎ ಅಕ್ಷರಕ್ಕೆ ಮಾತ್ರ, ಸಿಜಿಎ ಚಿತ್ರಕ್ಕೆ. 16 ಕಿಲೋಬೈಟ್ ಮೆಮೊರಿಯ ಸಿಜಿಎಯಲ್ಲಿ 320x200 ಚುಕ್ಕೆಗಳ ಚಿತ್ರಕ್ಕೆ ನಾಲ್ಕೇ ಬಣ್ಣ. ಮರುವರ್ಷ ಬಂದ ಹರ್ಕ್ಯುಲಿಸ್ ಕಾರ್ಡು ಒಂದೇ ಬಣ್ಣದ ಅಗ್ಗದ ಮಾನಿಟರಿನಲ್ಲಿ 720x348 ಚುಕ್ಕೆಗಳ ಸ್ಪಷ್ಟ ಚಿತ್ರ ಕೊಟ್ಟಿತು. ಅದನ್ನು ರೂಪಿಸಿದ ವ್ಯಾನ್ ಸುವಣ್ಣಕುಲ್ ಅವರಿಗೆ ಬೇಕಾಗಿದ್ದದ್ದು ತಮ್ಮ ಥಾಯ್ ಲಿಪಿಯನ್ನು ಪಿಸಿಯ ಪರದೆಯಲ್ಲಿ ಮೂಡಿಸುವುದು. ಲಿಪಿಗಾಗಿ ಹುಟ್ಟಿದ ಆ ಕಾರ್ಡಿನ ಹೊಂದಾಣಿಕೆಯ ನಕಲುಗಳು 1980ರ ದಶಕದ ಕೊನೆಯ ಹೊತ್ತಿಗೆ ಭಾರತದ ಕಚೇರಿ, ತರಬೇತಿ ಕೇಂದ್ರಗಳ ಸಾಮಾನ್ಯ ಕಾರ್ಡಾದವು. ಆಟಗಳು ಮಾತ್ರ ಸಿಜಿಎಯನ್ನೇ ಕೇಳುತ್ತಿದ್ದವು. ಅದಕ್ಕೂ ಒಂದು ದಾರಿ ಸಿಕ್ಕಿತು: ಸಿಮ್‌ಸಿಜಿಎ ಎಂಬ ಪುಟ್ಟ ಪ್ರೋಗ್ರಾಮನ್ನು ಮೊದಲು ಓಡಿಸಿಬಿಟ್ಟರೆ, ಸಿಜಿಎ ಇದೆಯೆಂದು ನಂಬಿ ಪ್ಯಾರಾಟ್ರೂಪರ್, ಡಿಗ್ಗರ್‌ನಂಥ ಆಟಗಳು ಹರ್ಕ್ಯುಲಿಸ್ ಪರದೆಯಲ್ಲಿ ತೆರೆಯುತ್ತಿದ್ದವು. ದುಬಾರಿ ಕಾರ್ಡಿನ ಕೆಲಸವನ್ನು ಅಗ್ಗದ ಕಾರ್ಡಿನಿಂದ ಮಾಡಿಸುವ ಇಂಥ ಜಾಣತನ ಮುಂದಿನ ಮೂರು ದಶಕವೂ ಬೇರೆ ಬೇರೆ ರೂಪದಲ್ಲಿ ಕಾಣಿಸುತ್ತದೆ.

ಕನ್ನಡಕ್ಕೂ ಇದೇ ಕಾಲದಲ್ಲಿ ಒಂದು ಕಾರ್ಡು ಬಂತು. ಕಾನ್ಪುರದ ಐಐಟಿಯಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನವನ್ನು 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆ ಪಿಸಿಯ ಸ್ಲಾಟಿಗೆ ಹಾಕುವ ಕಾರ್ಡಾಗಿ ಬೆಳೆಸಿತು. ಕನ್ನಡವೂ ಸೇರಿ ಭಾರತೀಯ ಲಿಪಿಗಳ ಅಕ್ಷರರೂಪಗಳನ್ನು ಕಾರ್ಡೇ ನೋಡಿಕೊಳ್ಳುತ್ತಿದ್ದರಿಂದ, ಡಿಬೇಸ್, ಲೋಟಸ್, ವರ್ಡ್‌ಸ್ಟಾರ್‌ನಂಥ ಇಂಗ್ಲಿಷ್ ಪ್ರೋಗ್ರಾಮುಗಳನ್ನು ಬದಲಿಸದೆಯೇ ಅವುಗಳೊಳಗೆ ಕನ್ನಡ ಬೆರಳಚ್ಚು ಮಾಡಬಹುದಾಗಿತ್ತು. ಆಟಕ್ಕೂ ಈ ಕಾರ್ಡಿಗೂ ನಂಟಿಲ್ಲ. ಆದರೂ ನಮ್ಮ ನುಡಿಯ ಅಗತ್ಯಕ್ಕೆಂದೇ ಇಲ್ಲಿ ರೂಪುಗೊಂಡ ಪರದೆಯ ಕಾರ್ಡು ಇದ್ದರೆ ಅದು ಜಿಸ್ಟ್; ಈ ಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಜಾಗ ಸಲ್ಲಬೇಕು.

1984ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದಿಗೆ ಬಾಗಿಲು ತೆರೆಯಿತು. ಯಂತ್ರದ ಬಿಡಿಭಾಗ, ಹಾರ್ಡ್‌ವೇರ್, ಎಲೆಕ್ಟ್ರಾನಿಕ್ ಸಾಮಾನು ಮಾರುತ್ತಿದ್ದ ಎಸ್‌.ಪಿ. ರಸ್ತೆಯ ಸಾಲಿನಲ್ಲಿ ಕಂಪ್ಯೂಟರ್ ಅಂಗಡಿಗಳು ಎದ್ದದ್ದು ಅದರ ನಂತರದ ವರ್ಷಗಳಲ್ಲಿ. ಮುಂಬೈಗೆ ಲ್ಯಾಮಿಂಗ್ಟನ್ ರಸ್ತೆ, ದೆಹಲಿಗೆ ನೆಹರೂ ಪ್ಲೇಸ್, ಚೆನ್ನೈಗೆ ರಿಚ್ಚಿ ಸ್ಟ್ರೀಟ್ ಇದ್ದಂತೆ ಕರ್ನಾಟಕಕ್ಕೆ ಈ ರಸ್ತೆ. ಕಂಪನಿಯ ಮುದ್ರೆಯ ಪಿಸಿಗಿಂತ, ಪ್ರೊಸೆಸರು, ಬೋರ್ಡು, ರ್‍ಯಾಮ್, ಹಾರ್ಡ್‌ಡಿಸ್ಕು ಬಿಡಿಬಿಡಿಯಾಗಿ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಪಿಸಿ ಅಗ್ಗ. ಹೀಗಾಗಿ ಉತ್ತರ ಕರ್ನಾಟಕದ ಅಂಗಡಿಯವರೂ ಇಲ್ಲಿಂದ ಸರಕು ತಂದು ಜೋಡಿಸಿ ಮಾರತೊಡಗಿದರು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿತು; 2005ರ ಹೊತ್ತಿಗೆ ಕಂಪ್ಯೂಟರ್ ಭಾಗಗಳ ಮೂಲ ಆಮದು ಸುಂಕ ಸೊನ್ನೆಗೆ ಇಳಿಯಿತು. ಮಧ್ಯಮ ವರ್ಗದ ಮನೆಗೆ ಪಿಸಿ ಬಂದದ್ದು ಈ ಎಂಟು ವರ್ಷಗಳ ಅವಧಿಯಲ್ಲೇ.

‘ಮುದ್ರಣ ಕಾಶಿ’ ಎಂದು ಹೆಸರಾದ ಗದಗದಲ್ಲಿ ಪರದೆಯ ಕಾರ್ಡಿನ ಬೆಲೆ ಮೊದಲು ಗೊತ್ತಾದದ್ದು ಆಟದವರಿಗಿಂತ ಅಚ್ಚಿನವರಿಗೆ. ಮೊಳೆ ಜೋಡಿಸುವ ಕೆಲಸ ಡಿಟಿಪಿಗೆ ಸರಿದಾಗ, ಪುಟ ಕಟ್ಟುವವರಿಗೆ ದೊಡ್ಡ ಪರದೆ, ಹೆಚ್ಚು ಬಣ್ಣ ಬೇಕಾದವು. ಆಗ ಚಾಲ್ತಿಯಲ್ಲಿದ್ದ ಟ್ರೈಡೆಂಟ್, ಸಿರಸ್ ಲಾಜಿಕ್, ಎಸ್‌3 ಕಾರ್ಡುಗಳಲ್ಲಿ ಮೆಮೊರಿ 1 ಮೆಗಾಬೈಟೋ 2 ಮೆಗಾಬೈಟೋ ಎಂಬುದರ ಮೇಲೆ ಬೆಲೆ ನಿಲ್ಲುತ್ತಿತ್ತು. 1024x768 ಚುಕ್ಕೆಗಳಿಗೆ 256 ಬಣ್ಣ ಸಾಕೆಂದರೆ ಮುಕ್ಕಾಲು ಮೆಗಾಬೈಟು ಹಿಡಿಯುತ್ತದೆ. ಫೋಟೊದ ಪೂರ್ಣ ಬಣ್ಣ ಬೇಕೆಂದರೆ ಎರಡೂಕಾಲು. ಮೊದಲನೆಯದಕ್ಕೆ 1 ಮೆಗಾಬೈಟಿನ ಕಾರ್ಡು ಸಾಕು, ಎರಡನೆಯದಕ್ಕೆ 4 ಮೆಗಾಬೈಟಿನದು ಬೇಕು. ಮೆಮೊರಿ ಹೆಚ್ಚಿದ್ದಷ್ಟೂ ಕಾರ್ಡು ಒಳ್ಳೆಯದು ಎಂಬ ನಂಬಿಕೆ ಆ ಕಾಲಕ್ಕೆ ನಿಜವೇ ಆಗಿತ್ತು. ಮುಂದೆ ಅದೇ ನಂಬಿಕೆಯಿಂದ ಬಹಳ ಜನ ಮೋಸಹೋದರು.

1993ರ ಡೂಮ್ ಆಟಕ್ಕೆ ವಿಶೇಷ ಕಾರ್ಡು ಬೇಕಿರಲಿಲ್ಲ. ಲೆಕ್ಕವನ್ನೆಲ್ಲ ಪ್ರೊಸೆಸರೇ ಮಾಡುತ್ತಿತ್ತು. ಮೂರು ಆಯಾಮದ ಲೆಕ್ಕವನ್ನು ಪ್ರೊಸೆಸರಿನಿಂದ ಕಸಿದುಕೊಂಡದ್ದು 1996ರ 3ಡಿಎಫ್‌ಎಕ್ಸ್ ವೂಡೂ. 4 ಮೆಗಾಬೈಟ್ ಮೆಮೊರಿಯ ಅದು 3ಡಿ ಕೆಲಸ ಮಾತ್ರ ಮಾಡುತ್ತಿತ್ತು. ಉಳಿದದ್ದಕ್ಕೆ ಇನ್ನೊಂದು ಕಾರ್ಡು ಪಕ್ಕದಲ್ಲಿರಬೇಕು. ಎರಡು ಕಾರ್ಡಿನ ಖರ್ಚು ಇಲ್ಲಿ ಕೆಲವರಿಗಷ್ಟೇ ಎಟುಕಿತು. ಎನ್‌ವಿಡಿಯಾದ ರಿವಾ 128 (1997), ಟಿಎನ್‌ಟಿ2 (1999) ಎರಡೂ ಕೆಲಸವನ್ನು ಒಂದೇ ಬೋರ್ಡಿಗೆ ತಂದವು. 2000ದ ಡಿಸೆಂಬರಿನಲ್ಲಿ 3ಡಿಎಫ್‌ಎಕ್ಸ್‌ನ ಆಸ್ತಿಯನ್ನೇ ಎನ್‌ವಿಡಿಯಾ ಕೊಂಡಿತು. ಇತ್ತ ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಧ್ರುವ ಇಂಟರಾಕ್ಟಿವ್ ಕಟ್ಟಿ, ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಯ ‘ಮಿಷನ್ ಇಂಪಾಸಿಬಲ್’ ಪಿಸಿ ಆಟದ ಕೆಲಸ ಹಿಡಿದಿದ್ದರು. ಆಟ ಮಾಡುವವರು ಬೆಂಗಳೂರಿನಲ್ಲಿದ್ದರೂ ಅಂಥ ಆಟ ಓಡಿಸಬಲ್ಲ ಕಾರ್ಡು ರಾಜ್ಯದ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ.

ಇರದಿದ್ದದ್ದಕ್ಕೆ ಕಾರಣ ಇಂಟೆಲ್‌ನ ಚಿಪ್‌ಸೆಟ್. 1999ರಲ್ಲಿ ಬಂದ 810 ಚಿಪ್‌ಸೆಟ್ ಗ್ರಾಫಿಕ್ಸನ್ನು ಮದರ್‌ಬೋರ್ಡಿನೊಳಗೇ ಸೇರಿಸಿ, ಪ್ರತ್ಯೇಕ ಕಾರ್ಡಿನ ಖರ್ಚು ಉಳಿಸಿತು. ಜೊತೆಗೆ ಕಾರ್ಡು ಹಾಕುವ ಎಜಿಪಿ ಸ್ಲಾಟನ್ನೂ ತೆಗೆದುಹಾಕಿತು. ನಂತರದ 845ಜಿವಿ ಬೋರ್ಡುಗಳಲ್ಲೂ ಎಜಿಪಿ ಇರಲಿಲ್ಲ. 845ಜಿ, 865ಜಿ ಬೋರ್ಡುಗಳಲ್ಲಿ ಇತ್ತು. ಹೆಸರಿನ ಕೊನೆಯ ಒಂದೇ ಅಕ್ಷರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ. ‘ಮಗ ಓದಿಗೆ ಬಳಸುತ್ತಾನೆ’ ಎಂದು ಕೊಂಡ ಪಿಸಿಗೆ ಅಗ್ಗದ ಬೋರ್ಡೇ ಬೀಳುತ್ತಿತ್ತು. ಎರಡು ವರ್ಷದ ಮೇಲೆ ಮಗನಿಗೆ ಕಾರ್ಡು ಬೇಕಾದಾಗ ಸ್ಲಾಟೇ ಇಲ್ಲವೆಂದು ಗೊತ್ತಾಗುತ್ತಿತ್ತು. ಉಳಿದಿದ್ದು ಹಳೆಯ ಪಿಸಿಐ ಸ್ಲಾಟು. ಅದಕ್ಕೆ ಹೊಂದುವ ಕಾರ್ಡು ನಿಧಾನ, ಮಾರುಕಟ್ಟೆಯಲ್ಲಿ ಅಪರೂಪ, ಎಜಿಪಿಯ ಅದೇ ಕಾರ್ಡಿಗಿಂತ ಬೆಲೆಯೂ ಜಾಸ್ತಿ.

ಹೀಗಾಗಿ ಆ ದಶಕದಲ್ಲಿ ಮನೆ, ಸೈಬರ್ ಕೆಫೆಗಳಲ್ಲಿ ಓಡಿದ ಆಟಗಳನ್ನು ಆರಿಸಿದ್ದು ಆಡುವವರ ರುಚಿಗಿಂತ ಹೆಚ್ಚಾಗಿ ಆನ್‌ಬೋರ್ಡ್ ಗ್ರಾಫಿಕ್ಸಿನ ಮಿತಿ. ರೋಡ್ ರ್‍ಯಾಶ್, ಏಜ್ ಆಫ್ ಎಂಪೈರ್ಸ್, ಕೌಂಟರ್ ಸ್ಟ್ರೈಕ್ ನಡೆಯುತ್ತಿದ್ದವು. 2003ರ ವೈಸ್ ಸಿಟಿ ಕೇಳಿದ್ದು 32 ಮೆಗಾಬೈಟಿನ ಕಾರ್ಡು. ಆನ್‌ಬೋರ್ಡಿನಲ್ಲಿ ಅದು ಏದುಸಿರು ಬಿಡುತ್ತಾ ಓಡುತ್ತಿತ್ತು. ಇಂಟೆಲ್ ಆನ್‌ಬೋರ್ಡ್ ಗ್ರಾಫಿಕ್ಸಿನ 2005ರ ಜಿಎಂಎ 950, 2007ರ ಜಿ31 ಬೋರ್ಡಿನ ಜಿಎಂಎ 3100 ಇವುಗಳಲ್ಲಿ ಮೂರು ಆಯಾಮದ ಆಕಾರಗಳ ಮೂಲೆಬಿಂದುಗಳನ್ನು ಕೂಡಿಸುವ ವರ್ಟೆಕ್ಸ್ ಲೆಕ್ಕದ ಯಂತ್ರಾಂಶವೇ ಇರಲಿಲ್ಲ. ಅದಿಲ್ಲವೆಂದು ತಿಳಿದ ಕೂಡಲೇ ಕೆಲವು ಆಟಗಳು ತೆರೆಯಲು ನಿರಾಕರಿಸುತ್ತಿದ್ದವು. ಹುಡುಗರು 3ಡಿ ಅನಲೈಸ್ ಎಂಬ ತಂತ್ರಾಂಶದಿಂದ ಆಟಕ್ಕೆ ಸುಳ್ಳು ಹೇಳಿಸಿ, ಇಲ್ಲವೆ ಸ್ವಿಫ್ಟ್‌ಶೇಡರಿನಿಂದ ಇಡೀ ಲೆಕ್ಕವನ್ನು ಪ್ರೊಸೆಸರಿಗೆ ಹೊರಿಸಿ ಆಡುತ್ತಿದ್ದರು. ಸೆಕೆಂಡಿಗೆ ಹತ್ತು ಹನ್ನೆರಡು ಚಿತ್ರ ಮೂಡಿದರೂ ಆಟ ತೆರೆಯಿತೆಂಬುದೇ ಗೆಲುವು. ಇಂಟರ್ನೆಟ್ ನಿಧಾನವಿದ್ದ ಊರುಗಳಿಗೆ ಇಂಥ ತಂತ್ರಾಂಶ, ಡ್ರೈವರು, ಆಟದ ಡೆಮೊಗಳೆಲ್ಲ ತಲುಪಿದ್ದು ‘ಡಿಜಿಟ್’ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಲ್ಲಿ, ಅವು ಕೈಯಿಂದ ಕೈಗೆ ದಾಟುವ ಮೂಲಕ.

ಎಜಿಪಿ ಸ್ಲಾಟು ಇದ್ದವರಿಗೂ ಕಷ್ಟ ತಪ್ಪಿದ್ದಲ್ಲ. 2002ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ಜೀಫೋರ್ಸ್ 4 ಹೆಸರಿನಲ್ಲಿ ಎರಡು ಸಾಲು ತಂದಿತು. ಟಿಐ ಸಾಲಿನ ಚಿಪ್ ಹೊಸದು. ಅಗ್ಗದ ಎಂಎಕ್ಸ್ ಸಾಲಿನದು ಒಳಗೆ ಹೆಚ್ಚು ಕಡಿಮೆ ಜೀಫೋರ್ಸ್ 2. ಬೆಳಕು ನೆರಳು, ನೀರಿನ ಹೊಳಪುಗಳನ್ನು ಚುಕ್ಕೆಯ ಮಟ್ಟದಲ್ಲಿ ಲೆಕ್ಕ ಮಾಡುವ ಪಿಕ್ಸೆಲ್ ಶೇಡರ್ ಅದರಲ್ಲಿ ಇರಲಿಲ್ಲ. ಆ ಸೌಲಭ್ಯವಿದ್ದ ಜೀಫೋರ್ಸ್ 3 ಎಂಎಕ್ಸ್‌ಗಿಂತ ಹಿಂದಿನ ವರ್ಷವೇ ಬಂದಿತ್ತು. ಎಂಎಕ್ಸ್ 440 ಆ ಕಾಲದ ಅತಿ ಸಾಮಾನ್ಯ ಅಗ್ಗದ ಕಾರ್ಡಾಯಿತು. 4 ಎಂಬ ಅಂಕಿ 3ಕ್ಕಿಂತ ದೊಡ್ಡದೆಂದು ಯಾರಾದರೂ ನಂಬುವುದು ಸಹಜ. 2003ರ ಕೊನೆಗೆ ಬಂದ ‘ಪ್ರಿನ್ಸ್ ಆಫ್ ಪರ್ಶಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಪಿಕ್ಸೆಲ್ ಶೇಡರ್ ಇಲ್ಲದೆ ತೆರೆಯುವುದೇ ಇಲ್ಲ. ಡಬ್ಬಿಯ ಮೇಲೆ ಬೇಕಾದ ಕಾರ್ಡುಗಳ ಪಟ್ಟಿಯಲ್ಲಿ ಜೀಫೋರ್ಸ್ 4 ಎಂಎಕ್ಸ್ ಆಗುವುದಿಲ್ಲವೆಂದು ಬಿಡಿಸಿ ಹೇಳಬೇಕಾಯಿತು. ಡಬ್ಬಿ ನೋಡದೆ ಪೈರೇಟೆಡ್ ಸಿಡಿಯಲ್ಲಿ ಆಟ ಪಡೆದವರಿಗೆ ಅದೂ ತಿಳಿಯುತ್ತಿರಲಿಲ್ಲ.

2004ರಲ್ಲಿ ಎಜಿಪಿ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಬಂತು. ಅಲ್ಲಿಂದ ಈಚೆಗೆ ಸ್ಲಾಟಿನ ಆಕಾರ ಬದಲಾಗಿಲ್ಲ. ಹಳೆಯ ಬೋರ್ಡಿಗೆ ಹೊಸ ಕಾರ್ಡು, ಹೊಸ ಬೋರ್ಡಿಗೆ ಹಳೆಯ ಕಾರ್ಡು ಕೂರುತ್ತದೆ. ಬಡ ಗ್ರಾಹಕನಿಗೆ ತಂತ್ರಜ್ಞಾನ ಮಾಡಿದ ದೊಡ್ಡ ಉಪಕಾರ ಇದು. ಸೆಕೆಂಡ್ ಹ್ಯಾಂಡ್ ಕಾರ್ಡಿನ ಪೇಟೆ ಬೆಳೆದದ್ದು ಇದರಿಂದಲೇ.

ಮೋಸ ಮಾತ್ರ ಸ್ಲಾಟಿನಿಂದ ಮೆಮೊರಿಗೆ ಸರಿಯಿತು. ಅದೇ ವರ್ಷದ ಕೊನೆಯಲ್ಲಿ ಬಂದ ಜೀಫೋರ್ಸ್ 6200 ಟರ್ಬೊಕ್ಯಾಶ್ ಕಾರ್ಡುಗಳಲ್ಲಿ 16 ಅಥವಾ 32 ಮೆಗಾಬೈಟಷ್ಟೇ ಸ್ವಂತದ್ದು. ಡಬ್ಬಿಯ ಮೇಲಿನ 128ರಲ್ಲಿ ಉಳಿದದ್ದು ಪಿಸಿಯ ರ್‍ಯಾಮಿನಿಂದ ಎರವಲು. ನಂತರ ಸ್ವಂತ ಮೆಮೊರಿಯೇ ಧಾರಾಳವಾಯಿತು, ಆದರೆ ನಿಧಾನದ್ದು. ಕಾರ್ಡಿನ ಮೆಮೊರಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು ಒಂದು ಮಾತು, ಸೆಕೆಂಡಿಗೆ ಎಷ್ಟು ಹರಿಯುತ್ತದೆ ಎಂಬುದು ಇನ್ನೊಂದು. ಕೆರೆ ದೊಡ್ಡದಿದ್ದರೂ ತೂಬು ಕಿರಿದಾಗಿದ್ದರೆ ಹೊಲಕ್ಕೆ ನೀರು ಹೊತ್ತಿಗೆ ಮುಟ್ಟುವುದಿಲ್ಲ. ಇದಕ್ಕೆ ಎದ್ದುಕಾಣುವ ಉದಾಹರಣೆ ಎನ್‌ವಿಡಿಯಾದ ಜಿಟಿ 1030. 2017ರ ಮೇ ತಿಂಗಳಲ್ಲಿ ಬಂದಾಗ ಅದರಲ್ಲಿ 2 ಗಿಗಾಬೈಟ್ ಜಿಡಿಡಿಆರ್5 ಮೆಮೊರಿ ಇತ್ತು. 64 ಬಿಟ್ ಅಗಲದ ದಾರಿಯಲ್ಲಿ ಒಂದೊಂದು ತಂತಿಯಲ್ಲೂ ಸೆಕೆಂಡಿಗೆ 6 ಗಿಗಾಬಿಟ್. 64ನ್ನು 6ರಿಂದ ಗುಣಿಸಿ 8ರಿಂದ ಭಾಗಿಸಿದರೆ ಸೆಕೆಂಡಿಗೆ 48 ಗಿಗಾಬೈಟ್. ಮರುವರ್ಷ ಅದೇ ಹೆಸರಿನಲ್ಲಿ, ಅದೇ 2 ಗಿಗಾಬೈಟಿನ ಡಿಡಿಆರ್4 ಕಾರ್ಡು ಬಂತು. ಅದರಲ್ಲಿ ತಂತಿಗೆ 2.1 ಗಿಗಾಬಿಟ್, ಅಂದರೆ ಒಟ್ಟು 16.8 ಗಿಗಾಬೈಟ್; ಮೊದಲಿನದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಡಬ್ಬಿಯ ಮೇಲೆ ಎರಡಕ್ಕೂ ಜಿಟಿ 1030 ಎಂದೇ ದೊಡ್ಡ ಅಕ್ಷರ. ಮೆಮೊರಿಯ ಜಾತಿ ಸಣ್ಣಕ್ಷರದಲ್ಲಿ. ಕಡಿಮೆ ದುಡ್ಡು ಕೊಡುವವನಿಗೆ ಕಡಿಮೆ ಸಿಗುವುದು ನ್ಯಾಯ, ಆದರೆ ಏನು ಸಿಗುತ್ತಿದೆ ಎಂಬುದನ್ನು ಮರೆಮಾಚುವುದು ಅನ್ಯಾಯ. ಎರಡು ಗಿಗಾಬೈಟೋ ನಾಲ್ಕು ಗಿಗಾಬೈಟೋ ಎಂದು ಕೇಳುತ್ತಿದ್ದ ಗ್ರಾಹಕರು ‘ಡಿಡಿಆರ್ ಎಷ್ಟು, ಬಿಟ್ ಎಷ್ಟು’ ಎಂದು ಕೇಳಲು ಕಲಿತದ್ದು ಇಂಥ ಕಾರ್ಡುಗಳಿಂದ ಪೆಟ್ಟು ತಿಂದ ಮೇಲೆ.

ಇನ್ನೊಂದು ಅಡ್ಡಿ ಕರೆಂಟು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಕಾರ್ಡಿಗೆ 75 ವ್ಯಾಟ್‌ವರೆಗೆ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಆರು ಪಿನ್ನಿನ ಬೇರೆ ವೈರು ಹೋಗಬೇಕು. ಅಸೆಂಬಲ್ಡ್ ಪಿಸಿಗಳಲ್ಲಿ ಕ್ಯಾಬಿನೆಟ್ಟಿನ ಜೊತೆಗೇ ಬರುತ್ತಿದ್ದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿರುತ್ತಿತ್ತು. ಕಾರ್ಡಿಗೂ ಪ್ರೊಸೆಸರಿಗೂ ಬೇಕಾದದ್ದು ಅದರ 12 ವೋಲ್ಟಿನ ಸಾಲು ಮಾತ್ರ. ಲೇಬಲ್ಲಿನ ಆ ಸಾಲಿನಲ್ಲಿ 14 ಆಂಪ್ ಎಂದಿದ್ದರೆ ನಿಜವಾಗಿ ಸಿಗುವುದು 168 ವ್ಯಾಟ್. 2008ರ 9800 ಜಿಟಿ ಕಾರ್ಡು ಒಂದೇ 105 ವ್ಯಾಟ್ ಎಳೆಯುತ್ತದೆ. ಹಾರ್ಡ್‌ಡಿಸ್ಕಿನ ವೈರನ್ನು ಆರು ಪಿನ್ನಿಗೆ ಬದಲಿಸುವ ಕನೆಕ್ಟರು ಕಾರ್ಡಿನ ಡಬ್ಬಿಯಲ್ಲೇ ಇರುತ್ತಿದ್ದರಿಂದ ಜೋಡಿಸುವುದು ಸುಲಭ, ಆಟದ ನಡುವೆ ಪಿಸಿ ತಾನಾಗಿ ಆರುವುದೂ ಅಷ್ಟೇ ಸುಲಭ. ಹಲವು ಸಲ ಕೆಟ್ಟದ್ದು ಕಾರ್ಡು ಎಂದು ಬೆಂಗಳೂರಿಗೆ ವಾರಂಟಿಗೆ ಕಳಿಸಿದ ಮೇಲೆ ತಪ್ಪು ಎಸ್‌ಎಂಪಿಎಸ್‌ನದೆಂದು ತಿಳಿಯುತ್ತಿತ್ತು.

2002ರಲ್ಲಿ ವಿದ್ಯುತ್ ಪೂರೈಕೆಗೆಂದು ಹೆಸ್ಕಾಂ ಆದ ಮೇಲೂ ಗದಗ ಸೀಮೆಯ ಸಣ್ಣ ಊರು, ಹಳ್ಳಿಗಳಲ್ಲಿ ವೋಲ್ಟೇಜಿನ ಏರಿಳಿತ, ಲೋಡ್ ಶೆಡ್ಡಿಂಗ್ ತಪ್ಪಲಿಲ್ಲ. ಹಾಗಾಗಿ ಪಿಸಿಯ ಜೊತೆ ಯುಪಿಎಸ್ ಕಡ್ಡಾಯವೆಂಬಂತೆ ಬಂತು. ಸಾಮಾನ್ಯವಾದ 600 ವಿಎ ಯುಪಿಎಸ್ ಹೊರಬಲ್ಲ ಭಾರ ಸುಮಾರು 360 ವ್ಯಾಟ್. ದೊಡ್ಡ ಕಾರ್ಡು ಹಾಕಿದರೆ ಕರೆಂಟು ಹೋದ ಗಳಿಗೆಯಲ್ಲೇ ಅದು ಕೈಕೊಡುತ್ತದೆ. ಕಾರ್ಡಿನ ಜೊತೆ ಎಸ್‌ಎಂಪಿಎಸ್, ಯುಪಿಎಸ್ ಎರಡನ್ನೂ ಬದಲಿಸುವ ಖರ್ಚು ಕಾರ್ಡಿನ ಬೆಲೆಯನ್ನೇ ಮುಟ್ಟುತ್ತಿತ್ತು.

ಈ ಸಂಕಟಕ್ಕೆ ನಿಜವಾದ ಉತ್ತರ 2014ರ ಫೆಬ್ರವರಿಯಲ್ಲಿ ಬಂದ ಜಿಟಿಎಕ್ಸ್ 750 ಟಿಐ. ಅದರ ಬಳಕೆ 60 ವ್ಯಾಟ್. ಬೇರೆ ವೈರು ಬೇಡ, ಸ್ಲಾಟಿನ ವಿದ್ಯುತ್ತೇ ಸಾಕು. 2015ರಲ್ಲಿ ಪಿಸಿಗೆ ಬಂದ ಜಿಟಿಎ 5ನ್ನು ಅದು ಸಲೀಸಾಗಿ ಓಡಿಸಿತು. 2016ರ ಅಕ್ಟೋಬರಿನ 1050 ಟಿಐ 75 ವ್ಯಾಟಿನೊಳಗೆ 4 ಗಿಗಾಬೈಟ್ ಕೊಟ್ಟಿತು, 2019ರ ಜಿಟಿಎಕ್ಸ್ 1650 ಅದೇ ಸಾಲನ್ನು ಮುಂದುವರಿಸಿತು. ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಲ್, ಎಚ್‌ಪಿ ಡೆಸ್ಕ್‌ಟಾಪುಗಳು ರಿಫರ್ಬಿಶ್ಡ್ ಹೆಸರಿನಲ್ಲಿ ಪೇಟೆಗೆ ಬರತೊಡಗಿದ್ದ ಕಾಲವದು. ಅವುಗಳ ಎಸ್‌ಎಂಪಿಎಸ್ ಸಣ್ಣದು, ಆದರೆ ಲೇಬಲ್ಲಿನಲ್ಲಿ ಬರೆದಷ್ಟನ್ನು ಕೊಡುವಂಥದ್ದು. ಆಫೀಸಿನ ಹಳೆಯ ಐ5 ಡಬ್ಬಿಗೆ ಆರು ಪಿನ್ನಿಲ್ಲದ ಕಾರ್ಡು, ತೆಳ್ಳನೆಯ ಕ್ಯಾಬಿನೆಟ್ಟಾದರೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡು: ಸಣ್ಣ ಊರಿನ ಆಟದ ಪಿಸಿಗೆ ಇದಕ್ಕಿಂತ ಒಳ್ಳೆಯ ಜೋಡಿ ಅಲ್ಲಿಯವರೆಗೂ ಸಿಕ್ಕಿರಲಿಲ್ಲ.

ಬೆಲೆಯ ಲೆಕ್ಕ ಹೊರಗಿನ ಕೈಯಲ್ಲೇ ಉಳಿಯಿತು. 1050 ಟಿಐ ಅಮೆರಿಕದಲ್ಲಿ 139 ಡಾಲರಿಗೆ ಹೊರಬಂತು. ಆಗಿನ ದರದಲ್ಲಿ ಸುಮಾರು 9,300 ರೂಪಾಯಿ. ತೆರಿಗೆ, ಸಾಗಣೆ, ಆಮದುದಾರ, ಅಂಗಡಿ ಎಲ್ಲರ ಪಾಲು ಅದರ ಮೇಲೆ. 2017ರ ಜುಲೈ 1ರಿಂದ ಜಿಎಸ್‌ಟಿ ಶೇ. 18. ಮುಳಗುಂದದ ಗ್ರಾಹಕನಿಗೆ ಎಸ್‌.ಪಿ. ರಸ್ತೆಯ ದರ ಮನೆಯಲ್ಲೇ ಗೊತ್ತಾಗುವಂತಾದದ್ದು ಆನ್‌ಲೈನ್ ವ್ಯಾಪಾರದಿಂದ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾದ ಫ್ಲಿಪ್‌ಕಾರ್ಟ್, 2013ರಲ್ಲಿ ಬಂದ ಅಮೆಜಾನ್ ಇಂಡಿಯಾ ಕಾರ್ಡನ್ನು ಮನೆ ಬಾಗಿಲಿಗೆ ತಂದವು. ಆದರೆ 2017–18ರಲ್ಲಿ, ಮತ್ತೆ 2020ರಿಂದ 2022ರವರೆಗೆ, ಕ್ರಿಪ್ಟೊ ನಾಣ್ಯ ಗಣಿಗಾರಿಕೆಯವರು ಕಾರ್ಡುಗಳನ್ನು ರಾಶಿಗಟ್ಟಲೆ ಕೊಂಡರು. ಕೋವಿಡ್ ಕಾಲದ ಚಿಪ್ ಕೊರತೆಯೂ ಕೂಡಿ ಅಗ್ಗದ ಕಾರ್ಡು ಎಂಬುದೇ ಇಲ್ಲವಾಯಿತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಿತು, ಬಳಸಿದ ಕಾರ್ಡುಗಳು ಪೇಟೆಗೆ ನುಗ್ಗಿದವು.

ಅವುಗಳಲ್ಲಿ ಅಸಲಿಯ ಜೊತೆ ನಕಲಿಯೂ ಇದ್ದವು. 2010–11ರ ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಚಿಪ್ಪಿನ ಕಾರ್ಡುಗಳ ಮೂಲ ತಂತ್ರಾಂಶವಾದ ಬಯಾಸನ್ನು ತಿದ್ದಿ 1050 ಟಿಐ ಎಂದು ತೋರಿಸುವ ಕಾರ್ಡುಗಳು ಎಷ್ಟು ಹಬ್ಬಿದ್ದವೆಂದರೆ, ಕಾರ್ಡಿನ ವಿವರ ತೋರುವ ಜಿಪಿಯು-ಝಡ್ ತಂತ್ರಾಂಶ 2018ರಿಂದ ಅಂಥವುಗಳ ಹೆಸರಿನ ಮುಂದೆ ‘ನಕಲಿ’ ಎಂದೇ ಬರೆಯತೊಡಗಿತು. ಎಎಂಡಿಯ ಆರ್‌ಎಕ್ಸ್ 580ರದು ಬೇರೆ ತೊಡಕು: ಮೂಲ ಕಾರ್ಡಿನಲ್ಲಿ 2304 ಶೇಡರ್ ಘಟಕಗಳಿದ್ದರೆ, 2018ರಲ್ಲಿ ಚೀನಾ ಪೇಟೆಗೆಂದು ಬಂದು ನಂತರ ಇಲ್ಲಿಗೂ ತಲುಪಿದ ಕಾರ್ಡಿನಲ್ಲಿ 2048. ಅದು ನಕಲಿಯಲ್ಲ, ಎಎಂಡಿಯದೇ ಚಿಪ್. ಹೆಸರು ಮಾತ್ರ ದಾರಿತಪ್ಪಿಸುವಂಥದ್ದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕಾರ್ಡು ಹಾಕಿಸಿ ಜಿಪಿಯು-ಝಡ್ ತೆರೆದು ನೋಡುವ ರೂಢಿ ಹೀಗೆ ಬೆಳೆಯಿತು.

ಈ ನಡುವೆ ಕಾರ್ಡೇ ಬೇಡವೆನ್ನುವ ದಾರಿಯೂ ತೆರೆದಿತ್ತು. ಎಎಂಡಿಯ 2018ರ ರೈಜನ್ 3 2200ಜಿ, 2021ರ ರೈಜನ್ 5 5600ಜಿ ಪ್ರೊಸೆಸರುಗಳೊಳಗಿನ ವೇಗಾ ಗ್ರಾಫಿಕ್ಸ್ ಜಿಟಿ 1030ರ ಮಟ್ಟದ ಕಾರ್ಡುಗಳ ಅಗತ್ಯವನ್ನೇ ಬಹುಮಟ್ಟಿಗೆ ಕಳೆಯಿತು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಅದರಲ್ಲೇ ನಡೆಯುತ್ತವೆ. ಇನ್ನೂ ಕಡಿಮೆ ಖರ್ಚಿನವರನ್ನು 2016ರ ಜಿಯೋ, 2018ರ ಪಬ್‌ಜಿ ಮೊಬೈಲ್ ಫೋನಿಗೆ ಸೆಳೆದುಕೊಂಡವು. ಸೈಬರ್ ಕೆಫೆಯ ಆಟ ಮುಗಿದದ್ದು ಅಲ್ಲಿಗೆ.

ಈಗ ಈ ಚಿಪ್ಪುಗಳ ವಿನ್ಯಾಸದಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. ಇಂಟೆಲ್, ಎನ್‌ವಿಡಿಯಾ, ಎಎಂಡಿ ಮೂರೂ ಕಂಪನಿಗಳ ಎಂಜಿನಿಯರುಗಳು ಅಲ್ಲಿದ್ದಾರೆ. 2023ರ ನವೆಂಬರಿನಲ್ಲಿ ಎಎಂಡಿ ತೆರೆದ ಟೆಕ್ನೋಸ್ಟಾರ್ ಕ್ಯಾಂಪಸ್ 5 ಲಕ್ಷ ಚದರಡಿಯದು, ಸುಮಾರು 3,000 ಎಂಜಿನಿಯರುಗಳಿಗೆ ಜಾಗವಿರುವಂಥದ್ದು. ಕಾರ್ಡು ಮಾತ್ರ ತೈವಾನ್, ಚೀನಾ ಸುತ್ತಿಕೊಂಡೇ ಎಸ್‌.ಪಿ. ರಸ್ತೆಗೆ ಬರುತ್ತದೆ, ಡಾಲರಿನ ಬೆಲೆಯಲ್ಲೇ.

ಹೊಸ ಅಗ್ಗದ ಕಾರ್ಡುಗಳು ಹಳೆಯ ಪಿಸಿಯವರಿಗೆ ಮತ್ತೆ ಬೋರ್ಡಿನ ಪ್ರಶ್ನೆಯನ್ನೇ ಒಡ್ಡುತ್ತವೆ. 2022ರ ಆರ್‌ಎಕ್ಸ್ 6400 ಸ್ಲಾಟಿನ ಹದಿನಾರು ಸಾಲುಗಳಲ್ಲಿ ನಾಲ್ಕನ್ನಷ್ಟೇ ಬಳಸುತ್ತದೆ. ಪಿಸಿಐ ಎಕ್ಸ್‌ಪ್ರೆಸ್ 4 ಇರುವ ಬೋರ್ಡಿನಲ್ಲಿ ಅದರಿಂದ ತೊಂದರೆಯಿಲ್ಲ. ಮೂರನೇ ತಲೆಮಾರಿನ ಸ್ಲಾಟಿನಲ್ಲಿ ಆ ನಾಲ್ಕು ಸಾಲಿನ ವೇಗವೂ ಅರ್ಧವಾಗಿ ಆಟ ತಡವರಿಸುತ್ತದೆ. ಆರು ಪಿನ್ನಿಲ್ಲದ ಅರ್ಧ ಎತ್ತರದ ಆ ಕಾರ್ಡು ಬೇಕಾಗುವುದು ಹೆಚ್ಚಾಗಿ ಅಂಥ ಹಳೆಯ ಸ್ಲಾಟಿನ ಆಫೀಸ್ ಡಬ್ಬಿಗಳಿಗೇ. 2024ರ ಡಿಸೆಂಬರಿನಲ್ಲಿ ಇಂಟೆಲ್ 249 ಡಾಲರಿಗೆ ತಂದ ಆರ್ಕ್ ಬಿ580ರಲ್ಲಿ 12 ಗಿಗಾಬೈಟ್ ಮೆಮೊರಿಯಿದೆ, ಆ ಬೆಲೆಗೆ ಉದಾರವಾದ ಕಾರ್ಡು. ಅದು ನೆಟ್ಟಗೆ ಓಡಲು ಬೋರ್ಡಿನ ಬಯಾಸಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇರಬೇಕು, ಪ್ರೊಸೆಸರು ಇಂಟೆಲಿನ ಹತ್ತನೇ ತಲೆಮಾರಿನದೋ ರೈಜನ್ 3000 ಸಾಲಿನದೋ ಇಲ್ಲವೆ ಅವುಗಳ ನಂತರದ್ದೋ ಆಗಿರಬೇಕು. ನಾಲ್ಕನೇ, ಆರನೇ ತಲೆಮಾರಿನ ರಿಫರ್ಬಿಶ್ಡ್ ಪಿಸಿಯಿರುವ ಮನೆಗೆ ಅದನ್ನು ತಂದರೆ ಬೋರ್ಡು, ಪ್ರೊಸೆಸರು, ರ್‍ಯಾಮ್ ಮೂರನ್ನೂ ಬದಲಿಸಬೇಕಾಗುತ್ತದೆ. ಅಂಥ ಪಿಸಿಗಳಿಗೆ ಬಳಸಿದ ಜಿಟಿಎಕ್ಸ್ 1650ಯೇ ಈಗಲೂ ಹೆಚ್ಚು ಹೊಂದುತ್ತದೆ.